ಫೋನು ತುಂಬಿದೆ, ಏನು ಮಾಡೋಣ?

(ಬಿಳೇಕಹಳ್ಳಿಯ ಕಲಿಕಾ ಕೇಂದ್ರದಲ್ಲಿ, ಹೊಸದಾಗಿ ಓದು ಬರಹ ಕಲಿತ ಮಹಿಳೆಯರ ಮುಂದೆ ಆಡಿದ ಮಾತು)





ಎಲ್ಲರೂ ಕೆಲಸ ಮುಗಿಸಿಕೊಂಡು ಬಂದಿದ್ದೀರಿ. ಕೆಲವರು ವಿಜಯಾ ಬ್ಯಾಂಕ್ ಲೇಔಟಿನ ಮನೆಗಳಲ್ಲಿ ಪಾತ್ರೆ ತೊಳೆದು ಬಂದಿದ್ದೀರಿ. ಕೆಲವರು ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿನಿಂದ ಬಂದಿದ್ದೀರಿ. ಬನ್ನೇರುಘಟ್ಟ ರಸ್ತೆಯಲ್ಲಿ ಹೂವು, ಸೊಪ್ಪು ಮಾರುವವರೂ ಇದ್ದೀರಿ. ಎಲ್ಲರ ಕೈಯಲ್ಲೂ ಒಂದು ಫೋನು ಇದೆ. ಕೆಲವರದು ಹೊಸದು. ಕೆಲವರದು ಮಗ ಬಳಸಿ ಬಿಟ್ಟದ್ದು. ಕೆಲಸದ ಮನೆಯವರು ಕೊಟ್ಟದ್ದೂ ಇರಬಹುದು.

ಈ ಫೋನು ಒಂದು ದಿನ ಮುಷ್ಕರ ಹೂಡುತ್ತದೆ. ಮೊಮ್ಮಗುವಿನ ಫೋಟೋ ತೆಗೆಯೋಕೆ ಹೋದರೆ ಆಗೋದಿಲ್ಲ. ವಾಟ್ಸಾಪಿನಲ್ಲಿ ಬಂದ ಚಿತ್ರ ತೆರೆಯೋದಿಲ್ಲ. "ಜಾಗ ಇಲ್ಲ" ಅಂತ ಬರುತ್ತದೆ. ಅಂಗಡಿಗೆ ಹೋದರೆ ಅವರು ಏನಂತಾರೆ? "ಇದು ಹಳೇ ಸೆಟ್ಟಮ್ಮಾ, ಹೊಸದು ತಗೊಳ್ಳಿ" ಅಂತಾರೆ. ಹೊಸ ಫೋನಿಗೆ ಏಳೆಂಟು ಸಾವಿರ ಬೇಕು. ಎಷ್ಟು ಮನೆಯ ಪಾತ್ರೆ ತೊಳೆದರೆ ಅಷ್ಟು ದುಡ್ಡು? ಸ್ವಲ್ಪ ತಡೀರಿ. ಫೋನು ಕೆಟ್ಟಿಲ್ಲ. ತುಂಬಿದೆ, ಅಷ್ಟೆ. ತುಂಬಿದ್ದನ್ನು ಖಾಲಿ ಮಾಡೋಕೆ ಕಾಸು ಬೇಕಿಲ್ಲ.

ಫೋನಿನ ಅಳತೆ

ಅಕ್ಕಿ ಅಳೆಯೋಕೆ ಸೇರು, ಪಾವು ಇದೆ. ಫೋನಿನ ಜಾಗ ಅಳೆಯೋಕೆ ಜಿ.ಬಿ., ಎಂ.ಬಿ. ಅಂತ ಇದೆ. ನಾಲ್ಕು ಪಾವಿಗೆ ಒಂದು ಸೇರು. ಹಾಗೇ ಸುಮಾರು 1000 ಎಂ.ಬಿ.ಗೆ ಒಂದು ಜಿ.ಬಿ.

ನಿಮ್ಮ ಫೋನು 32 ಜಿ.ಬಿ.ಯದು ಅಂತ ಇಟ್ಟುಕೊಳ್ಳಿ. ಅಷ್ಟೂ ನಮಗೆ ಸಿಗುವುದಿಲ್ಲ. ಫೋನು ನಡೆಯಲು ಬೇಕಾದ ಸಾಮಾನೇ ಅದರಲ್ಲಿ ಬಹಳಷ್ಟು ಜಾಗ ಹಿಡಿದಿರುತ್ತದೆ. ಬಾಡಿಗೆ ಮನೆಗೆ ಹೋದಾಗ ಮಾಲೀಕರ ಬೀರು, ಮಂಚ ಒಳಗೇ ಇದ್ದ ಹಾಗೆ. ಉಳಿದ ಜಾಗದಲ್ಲಿ ನಮ್ಮ ಫೋಟೋ, ಹಾಡು, ವಿಡಿಯೋ, ಸ್ಕ್ರೀನ್‌ಶಾಟ್ ಎಲ್ಲ ಕೂರಬೇಕು.

ಸ್ಕ್ರೀನ್‌ಶಾಟ್ ಅಂದ್ರೆ ಏನು? ಫೋನಿನ ಪರದೆಯ ಮೇಲೆ ಆ ಹೊತ್ತಿಗೆ ಏನು ಕಾಣುತ್ತಿದೆಯೋ ಅದರದೇ ಫೋಟೋ. ಪವರ್ ಗುಂಡಿ ಮತ್ತು ಸದ್ದು ಕಡಿಮೆ ಮಾಡುವ ಗುಂಡಿ, ಇವೆರಡನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಕೆಲವು ಫೋನುಗಳಲ್ಲಿ ಮೂರು ಬೆರಳಲ್ಲಿ ಕೆಳಕ್ಕೆ ಸವರಿದರೂ ಬರುತ್ತದೆ. ಬೇಡದಿದ್ದರೂ ಬರುತ್ತದೆ. ಕೈಚೀಲಕ್ಕೆ ಹಾಕುವಾಗ ಗುಂಡಿ ಒತ್ತಿ ಹೋಗಿರುತ್ತದೆ. ನಿಮ್ಮ ಫೋನಿನಲ್ಲಿ ಬರೀ ಗಡಿಯಾರ ಕಾಣುವ ಹತ್ತು ಚಿತ್ರ ಇದ್ದರೆ, ಅವು ಹುಟ್ಟಿದ್ದು ಹೀಗೆ.

ಒಂದು ಸ್ಕ್ರೀನ್‌ಶಾಟಿಗೆ ಅರ್ಧ ಎಂ.ಬಿ.ಯಿಂದ ಒಂದು ಎಂ.ಬಿ. ಜಾಗ ಬೇಕು. ಕೆಲವಕ್ಕೆ ಇನ್ನೂ ಹೆಚ್ಚು. ಒಂದು ಚಿತ್ರ ಲೆಕ್ಕಕ್ಕೇ ಬರೋದಿಲ್ಲ. ಸಾವಿರ ಚಿತ್ರ ಸೇರಿದರೆ ಒಂದು ಜಿ.ಬಿ.ಗೆ ಹತ್ತಿರ ಬರುತ್ತದೆ. ನಾವು ಇಲ್ಲಿ ಕೆಲವು ಅಕ್ಕಂದಿರ ಫೋನು ನೋಡಿದೆವು. ಎಂಟುನೂರು, ಒಂಬೈನೂರು ಇದ್ದವು. ಅವರಿಗೇ ಗೊತ್ತಿರಲಿಲ್ಲ.

ಅಷ್ಟೊಂದು ಯಾಕೆ ಸೇರಿತು?

ಇದನ್ನು ಸ್ವಲ್ಪ ಯೋಚನೆ ಮಾಡೋಣ. ಯಾಕಂದ್ರೆ ಇಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮೊದಲು ನಮಗೆ ಓದಲು ಬರುತ್ತಿರಲಿಲ್ಲ. ಫೋನಿನಲ್ಲಿ ಏನೋ ಅಕ್ಷರ ಬಂತು. ಬ್ಯಾಂಕಿನದೋ, ಗ್ಯಾಸಿನದೋ, ಮಗಳ ಶಾಲೆಯದೋ ತಿಳಿಯದು. ಕಣ್ಮುಂದಿಂದ ಹೋಗಿಬಿಟ್ಟರೆ ಮತ್ತೆ ಹುಡುಕೋದು ಹೇಗೆ? ಅದಕ್ಕೇ ಚಿತ್ರ ಹಿಡಿದು ಇಟ್ಟುಕೊಂಡೆವು. ಸಂಜೆ ಮಗನಿಗೆ ತೋರಿಸೋಣ, ಕೆಲಸದ ಮನೆಯ ಮೇಡಂಗೆ ಕೇಳೋಣ ಅಂದುಕೊಂಡೆವು. ಅಕ್ಷರ ಬರದವರಿಗೆ ಸ್ಕ್ರೀನ್‌ಶಾಟ್ ದೊಡ್ಡ ಉಪಕಾರ ಮಾಡಿದೆ. 2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಿದ್ದು ನೆನಪಿದೆಯಾ? ತಿಂಗಳಿಗೆ ಎರಡು ಸಾವಿರ ರೂಪಾಯಿ ಬರುವ ಯೋಜನೆ. ಬೆಂಗಳೂರು ಒನ್ ಮುಂದೆ ಸಾಲು ನಿಂತು ಅರ್ಜಿ ಹಾಕಿದೆವು. ಅರ್ಜಿ ನಂಬರು, ಬ್ಯಾಂಕಿನ ಮೆಸೇಜು ಎಲ್ಲವನ್ನೂ ಚಿತ್ರ ತೆಗೆದಿಟ್ಟೆವು.

ಆದರೆ ಮಗನಿಗೆ ಪುರುಸೊತ್ತು ಆಗಲಿಲ್ಲ. ಮೇಡಂ ಊರಿಗೆ ಹೋದರು. ಚಿತ್ರ ಅಲ್ಲೇ ಉಳಿಯಿತು. ಅದರ ಮೇಲೆ ಇನ್ನೊಂದು ಬಂತು. ಓದಿಸಿಕೊಳ್ಳಲು ಕಾದು ಕುಳಿತ ಚಿತ್ರಗಳೇ ನಮ್ಮ ಫೋನಿನ ತುಂಬ ಇವೆ.

ಈಗ ನಿಮಗೆ ಓದಲು ಬರುತ್ತದೆ. ಯಾರಿಗೂ ಕಾಯಬೇಕಾಗಿಲ್ಲ. ನಿಧಾನ ಆದರೂ ಪರವಾಗಿಲ್ಲ, ಅಕ್ಷರ ಕೂಡಿಸಿ ಓದಿ. ಬೇಕಾದ ನಂಬರನ್ನು ನೋಟುಬುಕ್ಕಿಗೆ ಬರೆಯಿರಿ. ಆಮೇಲೆ ಚಿತ್ರ ಅಳಿಸಿ. ಇಂಗ್ಲಿಷಿನಲ್ಲಿ ಇದ್ದರೆ ಅಂಕಿಗಳನ್ನಾದರೂ ಓದಬಹುದು. ಎಷ್ಟೋ ಸಲ ನಮಗೆ ಬೇಕಾದದ್ದು ಅಂಕಿಯೇ ಆಗಿರುತ್ತದೆ.

ನೋಟುಬುಕ್ಕಿನಲ್ಲಿ ಒಂದೊಂದಕ್ಕೆ ಒಂದು ಹಾಳೆ ಮಾಡಿಕೊಳ್ಳಿ. ಕರೆಂಟು ಬಿಲ್ಲಿನ ನಂಬರಿಗೆ ಒಂದು ಹಾಳೆ. ಗ್ಯಾಸಿಗೆ ಒಂದು. ಆಸ್ಪತ್ರೆಗೆ ಒಂದು. ಚೀಟಿ ಹಣಕ್ಕೆ ಒಂದು. ಜಯದೇವ ಆಸ್ಪತ್ರೆಗೆ ಅತ್ತೆಯನ್ನು ಕರೆದುಕೊಂಡು ಹೋಗುವ ತಾರೀಖು ಫೋನಿನ ಒಂಬೈನೂರು ಚಿತ್ರದ ನಡುವೆ ಇದ್ದರೆ ಆ ದಿನಕ್ಕೆ ಸಿಗೋದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದರೆ ಮನೆಯವರೆಲ್ಲ ನೋಡುತ್ತಾರೆ.

ದುಡ್ಡು ಕೊಟ್ಟ ಚಿತ್ರ ಅಳಿಸಬಹುದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. "ಅಕ್ಕಾ, ಅಂಗಡಿಗೆ ದುಡ್ಡು ಹಾಕಿದ್ದಕ್ಕೆ ಅದೇ ಸಾಕ್ಷಿ. ಅಳಿಸಿದರೆ ಏನು ಗತಿ?" ಅಂತ ಒಬ್ಬರು ಕೇಳಿದರು.

ಫೋನಿನಲ್ಲೇ ದುಡ್ಡು ಕಳಿಸುವ ಯು.ಪಿ.ಐ. ನಮ್ಮ ದೇಶಕ್ಕೆ ಬಂದದ್ದು 2016ರಲ್ಲಿ. ಅದರಲ್ಲಿ ಕಳಿಸಿದ ಪ್ರತಿ ರೂಪಾಯಿಗೂ 12 ಅಂಕಿಯ ಒಂದು ನಂಬರು ಇರುತ್ತದೆ. ಅದು ಬ್ಯಾಂಕಿನ ಲೆಕ್ಕದಲ್ಲಿ ಇರುತ್ತದೆ. ದುಡ್ಡು ಕಳಿಸುವ ಆಪಿನಲ್ಲಿ 'ಹಿಸ್ಟರಿ' ಅಂತ ಒತ್ತಿದರೆ ಹಳೆಯದೆಲ್ಲ ಸಿಗುತ್ತದೆ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದರೂ ಸಿಗುತ್ತದೆ. ನಿಜವಾದ ಸಾಕ್ಷಿ ಬ್ಯಾಂಕಿನ ಲೆಕ್ಕ. ಚಿತ್ರ ಅಲ್ಲ. ತರಕಾರಿಗೆ ಇಪ್ಪತ್ತು ರೂಪಾಯಿ, ಹಾಲಿಗೆ ಮೂವತ್ತು ರೂಪಾಯಿ ಕೊಟ್ಟ ಚಿತ್ರಗಳನ್ನು ಧೈರ್ಯವಾಗಿ ಅಳಿಸಿ.

ಇದರಲ್ಲೇ ಇನ್ನೊಂದು ಮಾತಿದೆ. ಹೂವು, ಹಣ್ಣು ಮಾರುವ ಅಕ್ಕಂದಿರು ಗಮನ ಕೊಡಿ. ಯಾರೋ ಬಂದು ಮೂರು ಮಾರು ಹೂವು ಕಟ್ಟಿಸಿಕೊಳ್ಳುತ್ತಾರೆ. ಫೋನು ತೋರಿಸಿ "ದುಡ್ಡು ಹಾಕಿದೀನಿ ನೋಡಿ" ಅಂತಾರೆ. ಅದು ನಿನ್ನೆ ತೆಗೆದ ಚಿತ್ರ ಇರಬಹುದು. ತಿದ್ದಿದ ಚಿತ್ರವೂ ಇರಬಹುದು. ಅವರ ಫೋನು ನೋಡಬೇಡಿ. ನಿಮ್ಮ ಆಪು ತೆಗೆದು ದುಡ್ಡು ಬಂತಾ ಅಂತ ನೋಡಿ. ಬಂದ ಮೇಲೆ ಹೂವು ಕೊಡಿ.

ಅಳಿಸಬಾರದ್ದು ಇದೆ

ಕಸ ಗುಡಿಸುವಾಗ ಉಂಗುರ ಹೋಗಬಾರದು. ಕೆಲವು ಚಿತ್ರ ಇಟ್ಟುಕೊಳ್ಳಲೇಬೇಕು.

ನಿಮಗೆ ಕೆಲಸ ಕೊಟ್ಟವರು "ಸಂಬಳ ಮುಂದಿನ ತಿಂಗಳು ಕೊಡ್ತೀವಿ" ಅಂತ ಬರೆದದ್ದು ಇದ್ದರೆ ಇರಲಿ. ಕೈಸಾಲ ತೆಗೆದುಕೊಂಡವರು ಒಪ್ಪಿಕೊಂಡ ಮೆಸೇಜು ಇದ್ದರೆ ಇರಲಿ. ಇನ್ನೂ ತೀರ್ಮಾನ ಆಗದ ಅರ್ಜಿ, ದೂರು ಇದ್ದರೆ ಇರಲಿ.

ಯಾರಾದರೂ ಹೆದರಿಸಿದ್ದರೆ, ಹೊಲಸು ಮಾತು ಕಳಿಸಿದ್ದರೆ ಅದನ್ನು ಅಳಿಸಲೇಬೇಡಿ. ನಾಚಿಕೆಯಿಂದ ಎಷ್ಟೋ ಹೆಣ್ಣುಮಕ್ಕಳು ಮೊದಲು ಅದನ್ನೇ ಅಳಿಸಿಬಿಡುತ್ತಾರೆ. ತಪ್ಪು ಮಾಡಿದವರಿಗೆ ಅದರಿಂದ ಅನುಕೂಲ. ಚಿತ್ರವೂ ಇರಲಿ, ಆ ಮೆಸೇಜೂ ಇರಲಿ. ದೂರು ಕೊಡುವಾಗ ಎರಡೂ ಬೇಕಾಗುತ್ತವೆ.

ಇಟ್ಟುಕೊಳ್ಳಲೇಬಾರದ್ದೂ ಇದೆ

ಎ.ಟಿ.ಎಂ. ಕಾರ್ಡಿನ ಫೋಟೋ, ಪಿನ್ ಬರೆದ ಚೀಟಿಯ ಫೋಟೋ, ಪಾಸ್‌ವರ್ಡಿನ ಚಿತ್ರ. ಇವು ಎಷ್ಟೋ ಫೋನುಗಳಲ್ಲಿ ಇವೆ. ಮರೆಯುತ್ತೇವೆ ಅಂತ ತೆಗೆದಿಟ್ಟದ್ದು. ಇವನ್ನು ಇವತ್ತೇ ಅಳಿಸಿ. ಜಾಗದ ಆಸೆಗಲ್ಲ, ದುಡ್ಡಿನ ಭದ್ರತೆಗೆ. ಫೋನು ಬಸ್ಸಿನಲ್ಲಿ ಕಳೆದುಹೋದರೆ ಬೀಗದ ಜೊತೆ ಕೀಲಿಯನ್ನೂ ಕೊಟ್ಟ ಹಾಗೆ ಆಗುತ್ತದೆ.

ಫೋನು ಕಳೆಯದಿದ್ದರೂ ಅಪಾಯ ಇದೆ. 2025ರ ಫೆಬ್ರವರಿಯಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯವರು ಒಂದು ಕಳ್ಳ ವಿದ್ಯೆಯನ್ನು ಪತ್ತೆ ಮಾಡಿದರು. ಅದಕ್ಕೆ 'ಸ್ಪಾರ್ಕ್‌ಕ್ಯಾಟ್' ಅಂತ ಹೆಸರಿಟ್ಟರು. ಸಾಮಾನ್ಯ ಆಪುಗಳ ಒಳಗೆ ಅದು ಅಡಗಿತ್ತು. ಫೋನಿನ ಚಿತ್ರಗಳನ್ನು ನೋಡಿ, ಅದರಲ್ಲಿನ ಅಕ್ಷರಗಳನ್ನು ಓದಿ, ಗುಟ್ಟಿನ ಪದಗಳಿರುವ ಚಿತ್ರವನ್ನು ಕದ್ದು ಕಳಿಸುತ್ತಿತ್ತು. ಅಂದ್ರೆ ಕಳ್ಳರಿಗೂ ನಮ್ಮ ಸ್ಕ್ರೀನ್‌ಶಾಟ್ ಓದಲು ಬರುತ್ತದೆ!

ಸಾಲದ ಆಪುಗಳ ವಿಷಯ ನಿಮಗೆ ಗೊತ್ತೇ ಇದೆ. ಐದು ನಿಮಿಷದಲ್ಲಿ ಸಾಲ ಅಂತಾರೆ. "ನಿಮ್ಮ ಫೋಟೋ ನೋಡಬಹುದಾ?" ಅಂತ ಫೋನು ಕೇಳುತ್ತದೆ. ಓದದೆ ಒಪ್ಪಿಗೆ ಒತ್ತಿಬಿಡುತ್ತೇವೆ. ಆಮೇಲೆ ಅದೇ ಫೋಟೋ ಹಿಡಿದು ಹೆದರಿಸುತ್ತಾರೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಇದಕ್ಕೆ ನಿಯಮ ಮಾಡಿತು. ಸಾಲದ ಆಪುಗಳು ಫೋನಿನಲ್ಲಿರುವ ಫೋಟೋ, ಹೆಸರು ನಂಬರುಗಳ ಪಟ್ಟಿ ನೋಡಬಾರದು ಅಂತ ಹೇಳಿತು. ಹಾಗೆ ಕೇಳುವ ಸಾಲದ ಆಪು ಇದ್ದರೆ ಅದು ನೆಟ್ಟಗಿಲ್ಲ ಅಂತಲೇ ತಿಳಿಯಿರಿ. ಒಪ್ಪಿಗೆ ಕೊಡಬೇಡಿ. ಫೋನಿನಲ್ಲಿ ದುಡ್ಡು ಮೋಸ ಹೋದರೆ ತಕ್ಷಣ 1930ಕ್ಕೆ ಫೋನು ಮಾಡಬೇಕು. ಈ ನಂಬರನ್ನು ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ದೊಡ್ಡದಾಗಿ ಬರೆಯಿರಿ.

ಆಧಾರ್ ಕಾರ್ಡಿನ ಚಿತ್ರ ಒಂದೊಂದು ಫೋನಿನಲ್ಲಿ ಐದಾರು ಇರುತ್ತವೆ. ಅದಕ್ಕೆ ಸರ್ಕಾರದ್ದೇ ಡಿಜಿಲಾಕರ್ ಇದೆ. 2015ರಲ್ಲಿ ಶುರುವಾದದ್ದು. ನಮ್ಮ ಕಾಗದ ಪತ್ರಗಳಿಗೆ ಅದು ಬೀಗ ಇರುವ ಪೆಟ್ಟಿಗೆ. ಆಧಾರಿಗೆ ಯಾವ ಫೋನ್ ನಂಬರು ಕೊಟ್ಟಿದ್ದೀರೋ ಆ ನಂಬರು ಕೈಯಲ್ಲಿದ್ದರೆ ಅದನ್ನು ತೆರೆಯಬಹುದು. ಅದು ಹೇಗೆ ಅಂತ ಇನ್ನೊಂದು ದಿನ ಕೂತು ಕಲಿಯೋಣ.

ಅಳಿಸುವುದು ಹೇಗೆ?

ಫೋಟೋ ಇರುವ ಆಪನ್ನು ತೆರೆಯಿರಿ. ಗ್ಯಾಲರಿ ಅಂತಲೋ ಫೋಟೋಸ್ ಅಂತಲೋ ಹೆಸರಿರುತ್ತದೆ. ಅದರೊಳಗೆ ಸ್ಕ್ರೀನ್‌ಶಾಟ್ಸ್ ಅಂತ ಬೇರೆಯೇ ಒಂದು ಗುಂಪು ಇರುತ್ತದೆ. ಅದನ್ನು ಒತ್ತಿ. ಒಂದು ಚಿತ್ರದ ಮೇಲೆ ಬೆರಳಿಟ್ಟು ಹಾಗೇ ಸ್ವಲ್ಪ ಹೊತ್ತು ಹಿಡಿಯಿರಿ. ಸರಿ ಗುರುತು ಬರುತ್ತದೆ. ಆಮೇಲೆ ಬೇಡದ ಬೇರೆ ಚಿತ್ರಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗಿ. ಕೊನೆಗೆ ಕಸದ ಬುಟ್ಟಿಯ ಗುರುತು ಒತ್ತಿ. ಫೋನು ಕನ್ನಡದಲ್ಲಿದ್ದರೆ 'ಅಳಿಸಿ' ಅಂತ ಇರುತ್ತದೆ. ಫೋನಿನ ಭಾಷೆ ಬದಲಾಯಿಸಬಹುದು, ಗೊತ್ತಲ್ಲ?

ಇಷ್ಟಾದರೂ ಜಾಗ ಬರೋದಿಲ್ಲ! ಯಾಕೆ? ಅಳಿಸಿದ ಚಿತ್ರ ಇನ್ನೂ ಬುಟ್ಟಿಯಲ್ಲೇ ಇರುತ್ತದೆ. ಮನೆ ಗುಡಿಸಿದ ಕಸ ಮೂಲೆಯಲ್ಲೇ ಇದ್ದ ಹಾಗೆ. ಎಷ್ಟೋ ಫೋನುಗಳಲ್ಲಿ 30 ದಿನ ಇರುತ್ತದೆ. ಗೂಗಲ್ ಫೋಟೋಸಿನಲ್ಲಿ ಕೆಲವು 60 ದಿನ ಇರುತ್ತವೆ. ಇದು ಒಳ್ಳೆಯದೇ. ತಪ್ಪಿ ಅಳಿಸಿದ್ದು ವಾಪಸ್ ಸಿಗುತ್ತದೆ. ಒಂದೆರಡು ದಿನ ಬಿಟ್ಟು, ಇನ್ನೊಮ್ಮೆ ನೋಡಿ, ಆಮೇಲೆ ಬುಟ್ಟಿ ಖಾಲಿ ಮಾಡಿ. ಜಾಗ ಬರುವುದು ಆಗ.

ಒಂದು ಎಚ್ಚರ. ಕೆಲವರ ಫೋಟೋಗಳು ತಾವಾಗಿಯೇ ಗೂಗಲ್ ಫೋಟೋಸಿನ ಖಾತೆಗೂ ಹೋಗಿ ಕೂತಿರುತ್ತವೆ. ಆ ಆಪಿನಲ್ಲಿ ಅಳಿಸಿದರೆ ಎರಡೂ ಕಡೆ ಹೋಗುತ್ತದೆ. "ಅಲ್ಲಿ ಇದೆಯಲ್ಲ" ಅಂತ ಮದುವೆ ಫೋಟೋ ಅಳಿಸಿಬಿಡಬೇಡಿ.

ನಿಜ ಹೇಳಬೇಕು. ಸ್ಕ್ರೀನ್‌ಶಾಟ್ ಅಳಿಸಿದರೆ ಅರ್ಧ ಜಿ.ಬಿ., ಒಂದು ಜಿ.ಬಿ. ಬಂದೀತು. ಹೆಚ್ಚು ಜಾಗ ತಿನ್ನುವುದು ವಿಡಿಯೋ. ಒಂದು ನಿಮಿಷದ ಒಳ್ಳೆಯ ವಿಡಿಯೋ ಸುಮಾರು ನೂರು ಎಂ.ಬಿ. ಹಿಡಿಯುತ್ತದೆ. ಅಂದ್ರೆ ನೂರು ಸ್ಕ್ರೀನ್‌ಶಾಟಿಗೂ ಹೆಚ್ಚು. ಜೊತೆಗೆ ವಾಟ್ಸಾಪಿನ ಶುಭೋದಯ ಚಿತ್ರಗಳು. ಗುಲಾಬಿ ಹೂವು, ದೇವರ ಪಟ, ಕಾಫಿ ಲೋಟ. ಇದು ನಮ್ಮ ಬಿಳೇಕಹಳ್ಳಿಯ ಕಷ್ಟ ಮಾತ್ರ ಅಲ್ಲ. ಇಡೀ ದೇಶದಲ್ಲಿ ಈ ಚಿತ್ರಗಳಿಂದ ಫೋನು ತುಂಬುತ್ತಿದೆ ಅಂತ 2018ರಲ್ಲಿ ಅಮೆರಿಕದ ಪತ್ರಿಕೆಯಲ್ಲೂ ಬಂದಿತ್ತು. ಅದಕ್ಕೆ ಸ್ವಲ್ಪ ಮೊದಲು, 2017ರ ಡಿಸೆಂಬರಿನಲ್ಲಿ, ಗೂಗಲಿನವರು ಫೋನು ಗುಡಿಸಲೆಂದೇ ಒಂದು ಆಪು ತಂದರು. ಅದನ್ನು ಈಗ 'ಫೈಲ್ಸ್' ಅಂತಾರೆ. ಹಳೆಯ ಸ್ಕ್ರೀನ್‌ಶಾಟುಗಳನ್ನು ಅದು ತಾನೇ ಹುಡುಕಿ ತೋರಿಸುತ್ತದೆ. ಅಳಿಸೋದು ಬಿಡೋದು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಓದದೆ ಎಲ್ಲವನ್ನೂ ಒಂದೇ ಸಲ ಅಳಿಸಬೇಡಿ.

ವಾಟ್ಸಾಪಿನ ಸೆಟ್ಟಿಂಗಿನಲ್ಲಿ ಜಾಗದ ಲೆಕ್ಕ ತೋರಿಸುವ ಕಡೆ ಹೋದರೆ, ಯಾವ ಗುಂಪಿನಿಂದ ಎಷ್ಟು ತುಂಬಿದೆ ಅಂತ ಕಾಣುತ್ತದೆ. ಮೊದಲು ದೊಡ್ಡ ವಿಡಿಯೋ ತೆಗೆಯಿರಿ. ನಾದಿನಿ ಕಳಿಸಿದ ಹೂವಿನ ಚಿತ್ರ ಅಳಿಸಿದರೆ ನಾದಿನಿಗೆ ಗೊತ್ತಾಗೋದಿಲ್ಲ, ಹೆದರಬೇಡಿ.

ಈಗ ಎಲ್ಲರೂ ಫೋನು ತೆಗೀರಿ. ನೋಟುಬುಕ್ಕು, ಪೆನ್ನು ಹೊರಗಿಡಿ. ಇಬ್ಬಿಬ್ಬರು ಜೊತೆಗೆ ಕೂತುಕೊಳ್ಳಿ. ಆದರೆ ನಿಮ್ಮ ಫೋನಿನ ಚಿತ್ರ ನೀವೇ ಓದಬೇಕು, ಪಕ್ಕದವರಿಗೆ ಕೊಡಬೇಡಿ. ಅಕ್ಷರ ತಡವರಿಸಿದರೆ ಕೈಯೆತ್ತಿ, ನಾವು ಬರ್ತೀವಿ. ಇವತ್ತು ಇಪ್ಪತ್ತು ಚಿತ್ರ ಸಾಕು. ಚಾರ್ಜು ಕಡಿಮೆ ಇರುವವರು ಕಿಟಕಿ ಪಕ್ಕ ಬನ್ನಿ, ಅಲ್ಲಿ ಪ್ಲಗ್ ಇದೆ.