ನಗುವ ಮನೆ, ನೋಯಿಸದ ನಗು

(ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಅವರ ಕುಟುಂಬದವರ ಮುಂದೆ ಆಡಿದ ಮಾತುಗಳ ಬರಹ ರೂಪ)



ಉಳಿತಾಯ, ಸಾಲ, ರೇಷನ್ ಕಾರ್ಡು, ಶೌಚಾಲಯ - ಇವುಗಳ ಬಗ್ಗೆ ನಾವು ಮಾತಾಡಿದ್ದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ನಗುವಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. "ಸಿಸ್ಟರುಗಳು ನಗುವುದೂ ಉಂಟೋ?" ಅಂತ ಯಾರಾದರೂ ಕೇಳಬಹುದು. ಉಂಟು. ಮಳೆಗಾಲದಲ್ಲಿ ನಿಮ್ಮ ಹಳ್ಳಿಗಳಿಗೆ ನಡೆದು ಬರುವ ನಮಗೆ ನಗು ಗೊತ್ತಿಲ್ಲದಿದ್ದರೆ ಎರಡನೇ ದಿನವೇ ಕೆಲಸ ಬಿಡಬೇಕಾಗುತ್ತಿತ್ತು. ಜೂನ್, ಜುಲೈ ತಿಂಗಳಲ್ಲಿ ಸಂಘದ ಸಭೆಗೆ ಒಂದು ದಿನವೂ ತಪ್ಪಿಸದೆ ಬರುವ ಸದಸ್ಯರು ಯಾರು ಹೇಳಿ? ಉಂಬಳ! ಕರೆಯದಿದ್ದರೂ ಬರುತ್ತದೆ, ಸಾಲದ ಕಂತಿನ ಹಾಗೆ ಅಂಟಿಕೊಳ್ಳುತ್ತದೆ, ಹೊಟ್ಟೆ ತುಂಬುವ ತನಕ ಬಿಡುವುದಿಲ್ಲ.

ನಗುವನ್ನು ಹುಡುಕಿಕೊಂಡು ಪೇಟೆಗೆ ಹೋಗಬೇಕಾಗಿಲ್ಲ. ಸಂಜೆಯ ಜಪಸರವನ್ನೇ ತೆಗೆದುಕೊಳ್ಳಿ. ಅಜ್ಜಿ ಕಣ್ಣು ಮುಚ್ಚಿ ಭಕ್ತಿಯಿಂದ ಜಪ ಹೇಳುತ್ತಿರುತ್ತಾಳೆ. ಆದರೆ ಕಿವಿ ಕೊಟ್ಟಿಗೆಯಲ್ಲಿ, ಮೂಗು ಒಲೆಯ ಮೇಲೆ. ಜಪದ ಮಧ್ಯದಲ್ಲೇ, ಅದೇ ರಾಗದಲ್ಲಿ, "ಹಾಲು ಉಕ್ಕಿತು ನೋಡೇ, ಬೆಕ್ಕು ಒಳಗೆ ಹೋಯ್ತು ಓಡಿಸೇ" ಅಂತ ಸೇರಿಸಿ, ಒಂದು ಮಣಿಯೂ ತಪ್ಪದಂತೆ ಮುಂದೆ ಹೋಗುತ್ತಾಳೆ. ಮೊಮ್ಮಗ ಅದೂ ಪ್ರಾರ್ಥನೆ ಅಂತ ತಿಳಿದು "ಆಮೆನ್" ಅನ್ನುತ್ತಾನೆ! ಮಾತೆ ಮರಿಯಳಿಗೆ ಇದರಿಂದ ಬೇಸರವೇ? ನಜರೇತಿನ ಮನೆಯಲ್ಲೂ ಒಲೆ ಇತ್ತಲ್ಲವೇ?

ಪವಿತ್ರ ಬೈಬಲ್ ಅಂದರೆ ಬರೀ ಗಂಭೀರ ಪುಸ್ತಕ ಅಂತ ನಾವು ತಿಳಿದಿದ್ದೇವೆ. ಸ್ವಲ್ಪ ನಿಧಾನವಾಗಿ ಓದಿ. ಅಬ್ರಹಾಮನಿಗೆ ನೂರು ವರ್ಷ, ಸಾರಾಳಿಗೆ ತೊಂಬತ್ತು. ನಿಮಗೆ ಮಗು ಹುಟ್ಟುತ್ತದೆ ಅಂದಾಗ ಅಬ್ರಹಾಮ ನಕ್ಕ. ಸಾರಾ ಗುಡಾರದ ಬಾಗಿಲ ಹಿಂದೆ ನಿಂತು ನಕ್ಕಳು. ಸಿಕ್ಕಿಬಿದ್ದಾಗ "ನಾನು ನಗಲಿಲ್ಲ" ಅಂದಳು. ದೇವರು "ಇಲ್ಲ, ನಕ್ಕೆ" ಅಂದರು. ಸಿಟ್ಟಾಗಿ ವರ ಹಿಂತೆಗೆದುಕೊಂಡರೇ? ಇಲ್ಲ. ಮಗು ಹುಟ್ಟಿತು, ಇಸಾಕ ಅಂತ ಹೆಸರಿಟ್ಟರು. ಇಸಾಕ ಎಂದರೆ 'ಅವನು ನಗುತ್ತಾನೆ' ಎಂದೇ ಅರ್ಥ.

ಪೂಜೆಯಲ್ಲಿ ಫಾದರ್ ಅವರ ಪ್ರಬೋಧನೆ ಉದ್ದವಾಯಿತು ಅಂತ ಗೊಣಗುವವರು ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತನೇ ಅಧ್ಯಾಯ ಓದಬೇಕು. ಸಂತ ಪೌಲರು ನಡುರಾತ್ರಿಯ ತನಕ ಮಾತಾಡಿದರು. ಕಿಟಕಿಯಲ್ಲಿ ಕೂತಿದ್ದ ಯೂತಿಕನೆಂಬ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲರು ಇಳಿದು ಹೋಗಿ ಅವನನ್ನು ಅಪ್ಪಿಕೊಂಡರು, ಹುಡುಗ ಬದುಕಿದ. ಆಮೇಲೆ ಪೌಲರು ಏನು ಮಾಡಿದರು? ಮೇಲೆ ಹೋಗಿ, ರೊಟ್ಟಿ ಮುರಿದು ತಿಂದು, ಬೆಳಗಾಗುವ ತನಕ ಮತ್ತೆ ಮಾತಾಡಿದರು! ನಮ್ಮ ಫಾದರ್ ಎಷ್ಟೋ ವಾಸಿ.

ಸೆರೆಮನೆಯಿಂದ ಪಾರಾಗಿ ಬಂದ ಪೇತ್ರರು ಬಾಗಿಲು ತಟ್ಟಿದಾಗ ರೋದೆ ಎಂಬ ಕೆಲಸದ ಹುಡುಗಿ ದನಿ ಗುರುತಿಸಿದಳು. ಸಂತೋಷ ಹೆಚ್ಚಾಗಿ, ಬಾಗಿಲು ತೆಗೆಯುವುದನ್ನೇ ಮರೆತು ಸುದ್ದಿ ಹೇಳಲು ಒಳಗೆ ಓಡಿದಳು. ಒಳಗಿದ್ದವರು ಅವಳಿಗೆ ಹುಚ್ಚು ಅಂದರು. ಪೇತ್ರರು ಹೊರಗೆ ತಟ್ಟುತ್ತಲೇ ಇದ್ದರು. ಗಮನಿಸಿ: ಆ ಮನೆಯಲ್ಲಿ ನಿಜ ಹೇಳಿದವಳು ಕೆಲಸದ ಹುಡುಗಿ, ನಂಬದವರು ಪ್ರಾರ್ಥನೆಗೆ ಕೂತವರು. ಇನ್ನು ಜಕ್ಕಾಯ ಯೇಸುವನ್ನು ನೋಡಲು ಮರ ಹತ್ತಿದ. ಅವನು ಶಿರಸಿಯವನಾಗಿದ್ದರೆ ಅಡಿಕೆ ಮರ ಹತ್ತುತ್ತಿದ್ದ. "ಬೇಗ ಇಳಿದು ಬಾ" ಅಂದರೆ "ಇನ್ನೆರಡು ಕೊನೆ ಬಾಕಿ ಉಂಟು ಗುರುವೇ" ಅನ್ನುತ್ತಿದ್ದ.

ಸಂತರೂ ಹಾಗೆಯೇ. ರೋಮಿನಲ್ಲಿ 1595ರಲ್ಲಿ ತೀರಿಕೊಂಡ ಸಂತ ಫಿಲಿಪ್ ನೇರಿ, ಜನ ತನ್ನನ್ನು ಹೊಗಳಬಾರದೆಂದು ಅರ್ಧ ಗಡ್ಡ ಬೋಳಿಸಿಕೊಂಡು ಓಡಾಡಿದ್ದರಂತೆ. 1535ರಲ್ಲಿ ಲಂಡನ್ನಿನಲ್ಲಿ ತಲೆ ಕಡಿಸಿಕೊಳ್ಳಲು ಹೊರಟ ಸಂತ ಥಾಮಸ್ ಮೋರ್, ಅಲುಗಾಡುವ ಮೆಟ್ಟಿಲು ನೋಡಿ, ಹತ್ತಲು ಕೈ ಕೊಡಿ, ಇಳಿಯುವುದನ್ನು ನಾನೇ ನೋಡಿಕೊಳ್ಳುತ್ತೇನೆ ಅಂದರಂತೆ. ಪೋಪ್ ಫ್ರಾನ್ಸಿಸರು 2024ರ ಜೂನ್ 14ರಂದು ಹದಿನೈದು ದೇಶಗಳ ನೂರಕ್ಕೂ ಹೆಚ್ಚು ಹಾಸ್ಯ ಕಲಾವಿದರನ್ನು ವ್ಯಾಟಿಕನ್‌ಗೆ ಕರೆಸಿದ್ದರು. ಪ್ರೀತಿಸುವವರ ಜೊತೆ ತಮಾಷೆ ಮಾಡುವ ಹಾಗೆ ದೇವರ ಜೊತೆಗೂ ನಗಬಹುದು, ಆದರೆ ಬಡವರ ಭಕ್ತಿಯನ್ನು ನೋಯಿಸಬಾರದು - ಇದು ಅವರ ಮಾತಿನ ಸಾರ.

ಪ್ರಿಯರೇ, ಇಲ್ಲಿಯ ತನಕ ನಕ್ಕೆವು. ಈಗ ಸ್ವಲ್ಪ ನಿಲ್ಲೋಣ. ಎಲ್ಲಾ ನಗುವೂ ಒಂದೇ ಅಲ್ಲ. ಸಾರಾಳ ನಗುವನ್ನು ಬರೆದ ಅದೇ ಪುಸ್ತಕದಲ್ಲಿ ಇನ್ನೊಂದು ನಗುವೂ ಇದೆ. ಯೇಸುವಿಗೆ ಮುಳ್ಳಿನ ಕಿರೀಟ ತೊಡಿಸಿ, ಮೊಣಕಾಲೂರಿ, "ರಾಜ" ಅಂತ ಕರೆದು ಸೈನಿಕರು ಗೇಲಿ ಮಾಡಿದರು. ಅವರ ಮಟ್ಟಿಗೆ ಅದೂ ತಮಾಷೆಯೇ.

ನಮ್ಮ ಊರಲ್ಲಿ ಆ ತಮಾಷೆ ಎಲ್ಲೆಲ್ಲಿ ಇದೆ? ಯಲ್ಲಾಪುರದ ಕಾಡಂಚಿನಿಂದ ಶಾಲೆಗೆ ಬರುವ ಸಿದ್ದಿ ಮಕ್ಕಳ ಗುಂಗುರು ಕೂದಲು ಎಳೆದು ನಗುವವರಿದ್ದಾರೆ. ನಮ್ಮ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಸರ್ಟಿಫಿಕೇಟು ಕೈಗೆ ಬಂದರೂ, ಗೇಲಿಗೆ ಹೆದರಿ ಹುಡುಗಿ ಶಾಲೆ ಬಿಟ್ಟರೆ ಆ ಕಾಗದ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹಬ್ಬದ ನಾಟಕದಲ್ಲಿ ಕುಡುಕ ತೂರಾಡಿ ಬಿದ್ದರೆ ಸಭೆಯೆಲ್ಲ ಬಿದ್ದು ಬಿದ್ದು ನಗುತ್ತದೆ. ಮುಂದಿನ ಸಾಲಿನಲ್ಲಿ ಕೂತ ಒಂದು ಮಗು ನಗುವುದಿಲ್ಲ. ಅದರ ಮನೆಯಲ್ಲಿ ಆ ನಾಟಕ ಪ್ರತಿ ರಾತ್ರಿ ಉಂಟು. "ಇವಳಿಗೇನು ಗೊತ್ತು, ಬರೀ ಸಾರು ಕುದಿಸೋದು ಗೊತ್ತು" ಅಂತ ಗಂಡ ನೆಂಟರ ಎದುರು ಜೋಕು ಮಾಡುತ್ತಾನೆ. ಹೆಂಡತಿಯೂ ನಗುತ್ತಾಳೆ, ಯಾಕೆಂದರೆ ನಗದಿದ್ದರೆ ಆಮೇಲೆ ಇನ್ನೊಂದು ಮಾತು ಕೇಳಬೇಕು.

ನೋವು ಮುಚ್ಚುವ ನಗುವೂ ಇದೆ. ಸಭೆಗೆ ಬಂದ ಅಕ್ಕನ ಕಣ್ಣ ಕೆಳಗೆ ಕಪ್ಪಾಗಿರುತ್ತದೆ. ಕೇಳಿದರೆ "ಬಾಗಿಲು ಬಡೀತು ಸಿಸ್ಟರ್, ನಮ್ಮನೆ ಬಾಗಿಲಿಗೆ ಸಿಟ್ಟು ಜಾಸ್ತಿ" ಅಂತ ನಗಿಸುತ್ತಾಳೆ. ಅಕ್ಕ-ತಂಗಿಯರೇ, ಅವಳ ಜೊತೆ ನಕ್ಕು ಸುಮ್ಮನಾಗಬೇಡಿ. ಸಭೆ ಮುಗಿದ ಮೇಲೆ ಅವಳ ಪಕ್ಕದಲ್ಲಿ ಕೂತುಕೊಳ್ಳಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಇವೆರಡು ಸಂಖ್ಯೆಯನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಹಾಗಾದರೆ ಒಳ್ಳೆಯ ನಗು ಯಾವುದು? ನಮ್ಮ ಅಳತೆಗೋಲು ಸುಲಭ: ಯಾರ ಬಗ್ಗೆ ನಗುತ್ತೇವೋ ಅವರೂ ಮನಸ್ಸು ಬಿಚ್ಚಿ ನಗಬೇಕು. ಯಕ್ಷಗಾನದ ಹಾಸ್ಯಗಾರನನ್ನು ನೋಡಿ. ಅವನು ಬಡವನನ್ನು ಹಂಗಿಸುವುದಿಲ್ಲ. ದೂತನಾಗಿ, ಬಾಗಿಲು ಕಾಯುವವನಾಗಿ ಬಂದು ರಾಜನಿಗೇ ನಾಲ್ಕು ಮಾತು ನಯವಾಗಿ ಹೇಳಿ ಹೋಗುತ್ತಾನೆ. ತನ್ನ ಕಣ್ಣಿನ ತೊಲೆ ಬಿಟ್ಟು ಇನ್ನೊಬ್ಬನ ಕಣ್ಣಿನ ಕಸ ತೆಗೆಯಲು ಹೋಗುವವನ ಚಿತ್ರ ಕೊಟ್ಟಾಗ ಯೇಸು ಮಾಡಿದ್ದೂ ಅದನ್ನೇ. ಆ ಮಾತು ಕುಟುಕಿದ್ದು ತಾವೇ ಸರಿ ಅಂದುಕೊಂಡವರನ್ನು.

ಕೊನೆಗೆ ಮೂರು ಸಣ್ಣ ಕೆಲಸ ಹೇಳುತ್ತೇವೆ. ಒಂದು, ರಾತ್ರಿ ಊಟಕ್ಕೆ ಮನೆಯವರೆಲ್ಲ ಒಟ್ಟಿಗೆ ಕೂತು, ಮೊಬೈಲು ಬದಿಗಿಟ್ಟು, ದಿನದ ಒಂದು ತಮಾಷೆ ಹೇಳಿ. ಮೊದಲು ಅಪ್ಪ ತನ್ನ ಬಗ್ಗೆಯೇ ಹೇಳಲಿ. ಎರಡು, ಯಾರ ಬಣ್ಣ, ಕೂದಲು, ಭಾಷೆ, ಬಡತನದ ಮೇಲೂ ಜೋಕು ಬೇಡ. ಮಕ್ಕಳು ಮಾಡಿದರೆ ಅಲ್ಲೇ ತಿದ್ದಿ. ಮೂರು, ಸಂಘದ ಸಭೆಯನ್ನು ಒಂದು ನಗುವಿನಿಂದ ಶುರು ಮಾಡಿ. ನಕ್ಕ ಬಾಯಿ ಮಾತಾಡಲು ಹೆದರುವುದಿಲ್ಲ. ಮೂಲೆಯಲ್ಲಿ ಕೂತವಳೂ ಆಮೇಲೆ ಲೆಕ್ಕ ಕೇಳುತ್ತಾಳೆ.

ಮುಪ್ಪಿನ ಸಾರಾಳ ಮಡಿಲಲ್ಲಿ ನಗು ಇಟ್ಟ ದೇವರು ನಿಮ್ಮ ಮನೆಗಳಲ್ಲೂ ಅದನ್ನು ಇಡಲಿ. ಊಟಕ್ಕೆ ತಡವಾಯಿತು, ಕಿಟಕಿಯಲ್ಲಿ ಕೂತವರು ಜಾಗ್ರತೆಯಿಂದ ಇಳಿಯಿರಿ.