ಪುಣೆಯ ಪುಟ್ಟ ಅಂಗಳಕ್ಕೆ ಕರೆಂಟಿನ ಲಾನ್ ಮೂವರ್: ಯಾವುದು, ಯಾರಿಗೆ?

ಹಿಂಜವಡಿ, ವಾಕಡ್, ಬಾಣೇರ್, ಖರಾಡಿ, ಎಲ್ಲಿಂದ ಕೇಳ್ತಾ ಇದ್ದೀರೋ, ಇವತ್ತಿನ ಮಾತು ನಿಮ್ಮಲ್ಲಿ ಸ್ವಲ್ಪ ಜನಕ್ಕೆ ಮಾತ್ರ. ಹತ್ತನೇ ಮಹಡಿಯವರು ಸುಮ್ಮನೆ ಕೇಳಿಸಿಕೊಳ್ರಿ. ನೆಲಮಹಡಿ ಫ್ಲಾಟಿಗೆ ಅಂಟಿಕೊಂಡ ತುಂಡು ಜಾಗ ಸಿಕ್ಕವರು, ರೋ ಹೌಸ್ ತಗೊಂಡು ಹಿಂದೆ ಇಪ್ಪತ್ತು ಮೂವತ್ತು ಅಡಿ ಹುಲ್ಲು ಹಾಕಿಸಿದವರು, ನಿಮಗೆ ಹೇಳ್ತಿರೋದು. ಬೇಸಿಗೆಯಲ್ಲಿ ಕಂದು ಚಾಪೆ ಥರ ಬಿದ್ದಿರೋ ಈ ಹುಲ್ಲು ಜೂನ್ ಮಳೆ ಬಿದ್ದ ಮೇಲೆ ಹೇಗೆ ಎದ್ದು ನಿಲ್ಲುತ್ತೆ ಅಂತ ನಿಮಗೆ ಗೊತ್ತು. ಎರಡು ಶನಿವಾರ ತಪ್ಪಿಸಿದ್ರೆ ಮೊಣಕಾಲ ತನಕ.

ನಮ್ಮನೆಯಲ್ಲಿ ಈ ಮಷೀನಿನ ಮಾತು ಎತ್ತಿದಾಗ ಅಪ್ಪ ಮೊದಲು ಕೇಳಿದ್ದು, "ಮೂವರು ಯಾಕೋ? ಒಬ್ಬಾವ ಸಾಕಲ್ಲ?" ಧಾರವಾಡದಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅವ್ವ ತೀರಿಕೊಂಡ ಮೇಲೆ ಪುಣೆಗೆ ಕರ್ಕೊಂಡು ಬಂದೆವು. ಅಲ್ಲಿಂದ ಒಂದು ಕುಡುಗೋಲು ತಂದಿದ್ರು. ಕುಕ್ಕರಗಾಲಲ್ಲಿ ಕೂತು ಹುಲ್ಲು ಕೊಯ್ಯೋದು, ಏಳೋವಾಗ ಗೋಡೆ ಹಿಡಿಯೋದು. ಮೊಣಕಾಲಿನ ಡಾಕ್ಟರು ನೆಲದ ಮೇಲೆ ಕೂರಬೇಡಿ ಅಂದುಬಿಟ್ಟರು. ಆ ಹುಲ್ಲು ಬಿಟ್ರೆ ಈ ಊರಲ್ಲಿ ಅವರದು ಅನ್ನೋ ಕೆಲಸ ಇನ್ನೊಂದಿಲ್ಲ. ಹಾಗಾಗಿ ನನ್ನ ಪ್ರಶ್ನೆ ಯಾವ ಮಷೀನು ಒಳ್ಳೇದು ಅನ್ನೋದಲ್ಲ. ಎಪ್ಪತ್ತೆರಡರ ಮನುಷ್ಯ ಹೆದರಿಕೆ ಇಲ್ಲದೆ ಯಾವುದನ್ನ ದೂಡಬಹುದು ಅನ್ನೋದು. ನಿಮ್ಮ ಮನೆಯಲ್ಲೂ ಮೊದಲು ಅದನ್ನೇ ಕೇಳ್ರಿ, ದೂಡೋರು ಯಾರು?

ಮೊದಲು ಲೆಕ್ಕ. ನಮ್ಮ ಜಾಗ 30ಕ್ಕೆ 20 ಅಡಿ, ಅಂದ್ರೆ 600 ಚದರ ಅಡಿ, ಅರ್ಧ ಗುಂಟೆಗಿಂತ ಒಂಚೂರು ಜಾಸ್ತಿ. ಮೀಟರಿನಲ್ಲಿ ಸುಮಾರು 55 ಚದರ ಮೀಟರ್. 32 ಸೆಂಟಿಮೀಟರ್ ಅಗಲ ಕತ್ತರಿಸೋ ಮಷೀನನ್ನ ಸಾಲಿನ ಮೇಲೆ ಸಾಲು ಸ್ವಲ್ಪ ಹತ್ತಿಸಿ ಓಡಿಸಿದ್ರೆ 25 ಸೆಂಟಿಮೀಟರ್ ಕೈಗೆ ಬರುತ್ತೆ. ಒಟ್ಟು ನಡಿಗೆ 220 ಮೀಟರ್. ನಿಧಾನಕ್ಕೆ ನಡೆದು, ತಿರುಗಿಸಿ, ಡಬ್ಬಿ ಖಾಲಿ ಮಾಡಿದರೂ ಕಾಲು ಗಂಟೆ. ಇಷ್ಟಕ್ಕೆ 42 ಸೆಂಟಿಮೀಟರಿನ ದೊಡ್ಡದು ಯಾಕೆ? ಮೂಲೆಯಲ್ಲಿ ತಿರುಗಲ್ಲ, ಬಾಲ್ಕನಿಯಲ್ಲಿ ಇಡೋಕೆ ಜಾಗ ಇರಲ್ಲ. ತಾನೇ ಓಡಾಡೋ ರೋಬೋಟು ತೋರಿಸೋರಿದ್ದಾರೆ, ಅದರ ಮಾತು ಇಲ್ಲಿಗೇ ಬಿಡ್ತೀನಿ.

ಎರಡನೇದು, ನಿಮ್ಮದು ಯಾವ ಹುಲ್ಲು? ಸೋಲಾಪುರ ರಸ್ತೆಯ ನರ್ಸರಿಗಳಿಂದ ತಂದಿದ್ರೆ ಹೆಚ್ಚಾಗಿ ಎರಡರಲ್ಲಿ ಒಂದು. ಕೊರಿಯನ್ ಅಥವಾ ಮೆಕ್ಸಿಕನ್ ಅಂತ ಮಾರೋ ಸಣ್ಣೆಳೆಯ ಹುಲ್ಲು ಉಬ್ಬುಬ್ಬಾಗಿ, ದಿಂಬು ಜೋಡಿಸಿದ ಹಾಗೆ ಬೆಳೆಯುತ್ತೆ. ತಿರುಗೋ ಬ್ಲೇಡು ಆ ಉಬ್ಬಿನ ತಲೆ ಬೋಳಿಸಿ ಹಳದಿ ಮಚ್ಚೆ ಮಾಡುತ್ತೆ. ಅದಕ್ಕೆ ಕತ್ತರಿಯೇ ಸಾಕು, ಮಷೀನು ಬೇಡ. ಇನ್ನೊಂದು ನಮ್ಮ ಕರಿಕಿ, ಬೆಂಗಳೂರು ಕಡೆಯವರ ಗರಿಕೆ, ಮರಾಠಿಯವರ ದೂರ್ವಾ. ಅದರಿಂದಲೇ ಆರಿಸಿದ ತಳಿಗಳನ್ನ ಬೇರೆ ಬೇರೆ ಹೆಸರಲ್ಲಿ ಮಾರ್ತಾರೆ. ಇದನ್ನ ಎರಡರಿಂದ ಮೂರೂವರೆ ಸೆಂಟಿಮೀಟರಿಗೆ ಇಳಿಸಬಹುದು. ಒಂದೇ ಕಂಡಿಷನ್ನು: ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬಾರದು. ಮೂರು ಸೆಂಟಿಮೀಟರ್ ಬೇಕಂದ್ರೆ ನಾಲ್ಕೂವರೆ ಆದಾಗಲೇ ಇಳೀಬೇಕು. ಮಳೆಗಾಲದಲ್ಲಿ ಅದು ವಾರಕ್ಕೊಮ್ಮೆ ಬರುತ್ತೆ.

ಇನ್ನು ಮಷೀನುಗಳು. ಕರೆಂಟೇ ಬೇಡದ ಒಂದಿದೆ, ಸಿಲಿಂಡರು. ಸುರುಳಿ ಬ್ಲೇಡು ಉರುಳಿ ಕತ್ತರಿ ಥರ ಕತ್ತರಿಸುತ್ತೆ. ಇಂಗ್ಲೆಂಡಿನ ಸ್ಟ್ರೌಡ್ ಅನ್ನೋ ಊರಿನ ಎಡ್ವಿನ್ ಬಡಿಂಗ್ 1830ರಲ್ಲಿ ಇದರ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲಿನ ನವಿರು ಕತ್ತರಿಸೋ ಗಿರಣಿ ಯಂತ್ರ ನೋಡಿ ಅವನಿಗೆ ಹೊಳೆದದ್ದು. ಕಂಬಳಿ ನಾಡಿನವರಿಗೆ ಈ ಸಂಬಂಧ ಹೇಳಬೇಕಾಗಿಲ್ಲ. ಲೂಧಿಯಾನಾದ ಫಾಲ್ಕನ್‌ನವರ ತೋಟದ ಸಾಮಾನಿನಲ್ಲಿ ಕೈಯಿಂದ ದೂಡೋ ಮಷೀನು ಸಿಗುತ್ತೆ. ಕತ್ತರಿಸೋದು ಚಂದ, ಸದ್ದಿಲ್ಲ, ಶಾಕ್ ಭಯ ಇಲ್ಲ. ಮೂವತ್ತು ನಲವತ್ತರ ಹರೆಯ, ವಾರ ತಪ್ಪಿಸಲ್ಲ ಅನ್ನೋರು ಇದನ್ನೇ ತಗೊಳ್ರಿ, ಮುಂದಿನದು ಕೇಳೋದೇ ಬೇಡ. ಆದರೆ ಹುಲ್ಲು ಒಂದು ಗೇಣು ಆಯ್ತೋ, ಸಿಕ್ಕಿಕೊಂಡು ನಿಂತುಬಿಡುತ್ತೆ. ಪಕ್ಕದ ಮನೆಯವರದನ್ನ ಅಪ್ಪ ಎರಡು ಸಾಲು ದೂಡಿದರು, ಮೂರನೇ ಸಾಲಿಗೆ ಮೊಣಕಾಲು ಒತ್ತಿ ಹಿಡಿದು ಕೂತರು.

ವಯರಿನ ಮಷೀನು. 1200 ವ್ಯಾಟಿನದು ನಮ್ಮ 230 ವೋಲ್ಟಿಗೆ ಐದು ಆಂಪಿಯರ್ ಚಿಲ್ಲರೆ ಎಳೆಯುತ್ತೆ. ಕಾಲು ಗಂಟೆ ಓಡಿಸಿದ್ರೆ ಯೂನಿಟ್ಟಿನ ಮೂರನೇ ಒಂದು ಭಾಗ ಕೂಡ ಆಗಲ್ಲ. ಬೆಲೆ ಕಮ್ಮಿ, ಹಗುರ, ಬ್ಯಾಟರಿ ಸಾಯೋ ಚಿಂತೆ ಇಲ್ಲ. ಎಲ್ಲ ಸರಿ. ಆದರೆ ಪುಣೆಯಲ್ಲಿ ಹುಲ್ಲು ಬೆಳೆಯೋ ನಾಲ್ಕು ತಿಂಗಳೂ ನೆಲ ಒದ್ದೆ. ಒದ್ದೆ ನೆಲ, ವಯರು, ತಿರುಗೋ ಬ್ಲೇಡು, ಈ ಮೂವರ ಸಹವಾಸ ಒಳ್ಳೇದಲ್ಲ. (ಅಪ್ಪನ ಮೂವರು ಇವರೇ ಇರಬೇಕು.)

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಎಷ್ಟೋ ಜನ "ಎಂಸಿಬಿ ಇದೆಯಲ್ಲ" ಅಂತ ನಿಶ್ಚಿಂತೆಯಿಂದ ಇರ್ತಾರೆ. ಎಂಸಿಬಿ ಬೀಳೋದು ಲೋಡು ಜಾಸ್ತಿ ಆದ್ರೆ ಅಥವಾ ಶಾರ್ಟ್ ಆದ್ರೆ. ನಿಮ್ಮ ಮೈಯಲ್ಲಿ ಹರಿದು ನೆಲಕ್ಕೆ ಹೋಗೋ ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಬೇಕಾಗಿರೋದು ಆರ್‌ಸಿಸಿಬಿ, ಹಳಬರು ಇಎಲ್‌ಸಿಬಿ ಅಂತಾರೆ. ಮೇಲೆ 30 ಮಿಲಿಆಂಪಿಯರ್ ಅಂತ ಬರೆದಿರಬೇಕು. ಅದರ ಮೇಲೆ ಟಿ ಅನ್ನೋ ಗುಂಡಿ ಇರುತ್ತೆ, ಇವತ್ತೇ ಒತ್ತಿ ನೋಡ್ರಿ. ಸ್ವಿಚ್ಚು ಕೆಳಗೆ ಬೀಳಲಿಲ್ಲ ಅಂದ್ರೆ ಎಲೆಕ್ಟ್ರಿಷಿಯನ್ನನ್ನ ಕರೆಸಿ, ಆಮೇಲೆ ಮಷೀನು ಹುಡುಕಿ. ಎಕ್ಸ್‌ಟೆನ್ಷನ್ ವಯರು 1.5 ಚದರ ಮಿಲಿಮೀಟರಿಗೆ ಕಮ್ಮಿ ಬೇಡ, ರಬ್ಬರ್ ಹೊದಿಕೆಯದು ಇರಲಿ, ಸುರುಳಿ ಪೂರ್ತಿ ಬಿಚ್ಚಿ. ಸುತ್ತಿಟ್ಟ ವಯರು ಬಿಸಿ ಆಗುತ್ತೆ. ಕತ್ತರಿಸೋದು ಪ್ಲಗ್ಗಿನ ಹತ್ತಿರ ಶುರುಮಾಡಿ ಅಡ್ಡಡ್ಡ ಸಾಲಾಗಿ ದೂರ ಹೋಗ್ರಿ. ಆಗ ವಯರು ಯಾವಾಗಲೂ ಕತ್ತರಿಸಿ ಮುಗಿದ ಕಡೆ ಬಿದ್ದಿರುತ್ತೆ. ನನ್ನಂಥವನಿಗೆ ಇದೆಲ್ಲ ಆಗುತ್ತೆ. ಅಪ್ಪನಿಗೆ ಕಾಲಡಿ ಒಂದು ವಯರು ಅಂದ್ರೆ ಶಾಕಿಗಿಂತ ಮೊದಲು ಎಡವಿ ಬೀಳೋ ಭಯ.

ಹೀಗಾಗಿ ನಾವು ಬ್ಯಾಟರಿಯದು ತಗೊಂಡೆವು. 36 ವೋಲ್ಟು, 4 ಆಂಪಿಯರ್ ಅವರ್, ಗುಣಿಸಿದ್ರೆ 144 ವ್ಯಾಟ್ ಅವರ್. ನಮ್ಮ ಜಾಗಕ್ಕೆ ಒಂದು ಚಾರ್ಜು ಸಾಕು, ಹುಲ್ಲು ಒದ್ದೆ ಇದ್ರೆ ಬೇಗ ಇಳಿಯುತ್ತೆ. ಕೀಲಿ ತೆಗೆದ್ರೆ ಯಾರು ಏನೇ ಒತ್ತಿದರೂ ಶುರುವಾಗಲ್ಲ, ಮೊಮ್ಮಕ್ಕಳಿರೋ ಮನೆಗೆ ಇದು ಮುಖ್ಯ. ಹಿಡಿ ಬಿಟ್ಟ ಕೂಡಲೇ ಮೋಟರು ಬಂದಾಗುತ್ತೆ. ಅಂಗಡಿಯಲ್ಲಿ ಅಪ್ಪನೇ ಎತ್ತಿ ನೋಡಿದರು, ಹಿಡಿ ಮಡಚಿ ಬಿಚ್ಚಿ ನೋಡಿದರು. ಬೆಲೆ ಹೇಳಲ್ಲ, ಸೇಲಿನ ದಿನಕ್ಕೊಂದು ಬೆಲೆ ಇರುತ್ತೆ. ಆದರೆ ಬ್ಯಾಟರಿ ಬಿಡಿಯಾಗಿ ಎಷ್ಟು, ಅದು ಪುಣೆಯಲ್ಲೇ ಸಿಗುತ್ತಾ ಅಂತ ಕೇಳದೆ ದುಡ್ಡು ಕೊಡಬೇಡ್ರಿ.

ಅಮೆರಿಕದಿಂದ ವಾಪಸ್ ಬರೋರಿಗೆ ಒಂದು ಮಾತು. ಅಲ್ಲಿಯ ವಯರಿನ ಮಷೀನು 120 ವೋಲ್ಟಿನದು, ಇಲ್ಲಿ ನೇರ ಹಾಕಿದ್ರೆ ಸುಟ್ಟಿತು. ಅಲ್ಲಿಯ ದೊಡ್ಡ ಬ್ಯಾಟರಿ 160 ವ್ಯಾಟ್ ಅವರ್ ದಾಟಿದ್ರೆ ಪ್ರಯಾಣಿಕರ ಸಾಮಾನಿನಲ್ಲಿ ವಿಮಾನಕ್ಕೆ ಹತ್ತಿಸಲ್ಲ. 100ರಿಂದ 160ರ ನಡುವಿನದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು.

ಯಾವ ಮಷೀನಾದರೂ ಸರಿ, ಮೊದಲ ಸಲ ಓಡಿಸೋ ಮುಂಚೆ ಹುಲ್ಲಿನಲ್ಲಿ ಬರಿಗೈ ಆಡಿಸದೆ ಕುಂಟೆಯಿಂದ ಕೆರೆದು ನೋಡ್ರಿ. ಬಿಲ್ಡರು ಕೆಳಗೆ ತುಂಬಿರೋದು ಮುರುಮ, ಟೈಲ್ಸ್ ಚೂರು, ಮೊಳೆ, ಅದರ ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು. ಬ್ಲೇಡಿಗೆ ಸಿಕ್ಕ ಕಲ್ಲು ಗುಂಡಿನ ಥರ ಹಾರುತ್ತೆ. ಬೂಟು ಹಾಕಿಕೊಳ್ಳಿ, ಮಕ್ಕಳು ಒಳಗಿರಲಿ.

ಸೊಸೈಟಿಯ ಮಾಳಿಯ ವಿಷಯ ಉಳೀತು. ಅಕ್ಕಲಕೋಟೆ ಕಡೆಯವನು, ಮನೆಮಾತು ಕನ್ನಡ. ತಿಂಗಳಿಗೆರಡು ಸಲ ಪೆಟ್ರೋಲಿನ ಮಷೀನು ಹೆಗಲಿಗೆ ಹಾಕಿಕೊಂಡು ಬರ್ತಿದ್ದ. ಬಂದ ದಿನ ಅಪ್ಪ ಎರಡು ಕಪ್ ಚಹಾ ಮಾಡಿಸಿ, ಕಟ್ಟೆ ಮೇಲೆ ಕೂತು ಮಳೆ, ತೊಗರಿ, ಸಕ್ಕರೆ ಕಾರ್ಖಾನೆ ಎಲ್ಲ ಮಾತಾಡ್ತಿದ್ರು. ಮಷೀನು ಬಂದ ಮೇಲೆ ಅವನನ್ನ ಬಿಡಿಸೋಣ ಅಂತ ನನ್ನ ಹೆಂಡತಿ ಲೆಕ್ಕ ಹಾಕಿದಳು, ಲೆಕ್ಕ ಸರಿಯಾಗೇ ಇತ್ತು. ಅಪ್ಪ ಅಂದ್ರು, "ಹುಲ್ಲು ನಾ ನೋಡ್ಕೋತೀನಿ. ಗಿಡ ಕಡಿಯಾಕ, ಗೊಬ್ಬರ ಹಾಕಾಕ ಅವ ಬರಲಿ." ಈಗ ಹಾಗೇ ನಡೀತಿದೆ. ಬ್ಲೇಡು ಬಿಚ್ಚಿ ಅರ ಹಾಕಿ ಹರಿತ ಮಾಡಿಕೊಡೋದೂ ಅವನೇ, ಎರಡು ತಿಂಗಳಿಗೊಮ್ಮೆ. ಬ್ಲೇಡು ಮೊಂಡಾದ್ರೆ ಹುಲ್ಲಿನ ತುದಿ ಹರಿದು ಬಿಳಿಚಿಕೊಳ್ಳುತ್ತೆ, ಅದೇ ಗುರುತು.

ನಲ್ಲಿ ಹತ್ತಿರ ಎರಡಡಿ ಜಾಗಕ್ಕೆ ಮಾತ್ರ ಅಪ್ಪ ಮಷೀನು ಒಯ್ಯಲ್ಲ. ಭಾದ್ರಪದದಲ್ಲಿ ಅಕ್ಕಪಕ್ಕದ ಮರಾಠಿ ಮನೆಯವರು ಗಣಪತಿಗೆ ಇಪ್ಪತ್ತೊಂದು ಎಸಳು ದೂರ್ವಾ ಕೇಳ್ಕೊಂಡು ಬರ್ತಾರೆ, "ಆಜೋಬಾ ಇದ್ದಾರಾ?" ಅಂತ.