ತಾತ ಕಂಡ ಸೆಂಟ್ರಲ್ ಜೈಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)

ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ವಿಷಯ ಹೇಳುತ್ತಾನೆ ಎಂದು ನೀವು ಕಾದಿರಬಹುದು. ಕ್ಷಮಿಸಿ, ನಾನು ಒಂದು ಜೈಲಿನ ವಿಷಯ ಹೇಳಲು ಬಂದಿದ್ದೇನೆ. ಶುಭ ಸಮಾರಂಭದಲ್ಲಿ ಜೈಲಿನ ಮಾತೇಕೆ ಎನ್ನಬೇಡಿ. ನಮ್ಮ ಶಾಲೆಯ ಮೊದಲ ಗಂಟೆ ಬಾರಿಸಿದ್ದು 1975ರ ಜೂನ್ ತಿಂಗಳಿನಲ್ಲಿ. ಅದೇ ತಿಂಗಳ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂತು. ಇಲ್ಲಿ ಹೊಸ ಹಾಜರಿ ಪುಸ್ತಕ ತೆರೆದ ದಿನಗಳಲ್ಲೇ ಬೆಂಗಳೂರಿನ ಸೆಂಟ್ರಲ್ ಜೈಲಿನ ಪುಸ್ತಕದಲ್ಲೂ ಹೊಸ ಹೆಸರುಗಳು ಸೇರುತ್ತಿದ್ದವು.

ಮೆಜೆಸ್ಟಿಕ್‌ನಿಂದ ನಡೆದು ಹೋಗಬಹುದಾದ ದೂರದಲ್ಲಿ, ಶೇಷಾದ್ರಿ ರಸ್ತೆಯಲ್ಲಿದೆ ಆ ಹಳೆಯ ಜೈಲು. ಕಟ್ಟಿದ್ದು 1860ರ ದಶಕದಲ್ಲಿ. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ನಡುವೆ ಒಂದು ಕಾವಲು ಗೋಪುರ. ಅದರ ಸುತ್ತ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಹರಡಿಕೊಂಡ ಬ್ಯಾರಕ್ಕುಗಳು. ಗೋಪುರದ ಮೇಲೆ ಒಬ್ಬನೇ ಕಾವಲುಗಾರ ನಿಂತರೂ ಸಾಕು, ಎಲ್ಲ ಕಡೆ ಕಣ್ಣು ಹಾಯುತ್ತದೆ. ಜೆರೆಮಿ ಬೆಂಥಾಮ್ ಎಂಬ ಇಂಗ್ಲಿಷ್ ಚಿಂತಕ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಥದೊಂದು ಉಪಾಯ ಹೇಳಿದ್ದ. ತನ್ನನ್ನು ಈಗ ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎಂಬುದು ಕೈದಿಗೆ ತಿಳಿಯಬಾರದು. ಆಗ ಅವನೇ ತನ್ನನ್ನು ಕಾಯ್ದುಕೊಳ್ಳುತ್ತಾನೆ ಎಂಬುದು ಅವನ ಲೆಕ್ಕ.

1975ರ ಜೂನ್ 26ರ ಬೆಳಿಗ್ಗೆ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬೆಂಗಳೂರಿನಲ್ಲಿ ಬಂಧಿಸಿ ಆ ಜೈಲಿಗೆ ತಂದರು. ಸಂಸತ್ತಿನ ಸಮಿತಿಯ ಸಭೆಗೆಂದು ಬಂದಿದ್ದವರು ಅವರು. ಆಡ್ವಾಣಿಯವರು ಒಳಗೆ ದಿನಚರಿ ಬರೆದರು, ಅದು ಮುಂದೆ ಪುಸ್ತಕವಾಯಿತು. ಮರುವರ್ಷ ಸ್ನೇಹಲತಾ ರೆಡ್ಡಿಯವರನ್ನು ತಂದರು. 'ಸಂಸ್ಕಾರ' ಚಲನಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದವರು ಅವರೇ. ಆಸ್ತಮಾ ಕಾಯಿಲೆಯಿದ್ದ ಆ ಹೆಣ್ಣುಮಗಳು ವಿಚಾರಣೆಯಿಲ್ಲದೆ ಎಂಟು ತಿಂಗಳು ಒಳಗಿದ್ದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ, ಜನವರಿ 20ರಂದು ತೀರಿಕೊಂಡರು. ಅವರೂ ಜೈಲಿನಲ್ಲಿ ದಿನಚರಿ ಬರೆದಿದ್ದರು. ಬರೆದದ್ದರಿಂದಲೇ ಆ ಗೋಡೆಗಳ ಒಳಗೆ ನಡೆದದ್ದು ನಮಗೆ ಇಷ್ಟಾದರೂ ಗೊತ್ತು.

ಇನ್ನು ನನ್ನ ತಾತನ ವಿಷಯ. ಎಂಬತ್ತರ ದಶಕದ ರೈತ ಚಳವಳಿಯ ದಿನಗಳವು. ಸಾಲಕ್ಕೆ ಮನೆಯ ಸಾಮಾನು ಜಪ್ತಿ ಮಾಡುವುದನ್ನು ವಿರೋಧಿಸಿ ಬೆಂಗಳೂರಿಗೆ ಹೋದವರಲ್ಲಿ ಅರಿಶಿನ ಬೆಳೆಯುತ್ತಿದ್ದ ನನ್ನ ತಾತನೂ ಒಬ್ಬ. ಒಂದು ವಾರ ಅದೇ ಜೈಲಿನಲ್ಲಿದ್ದು ಬಂದ. ನಾನು ಇಲ್ಲಿ ಎಂಟನೆಯ ತರಗತಿಗೆ ಸೇರುವ ಹೊತ್ತಿಗೆ ಅದು ಹಳೆಯ ಸಂಗತಿ. ಆದರೂ ಆಟದ ಮೈದಾನದಲ್ಲಿ ಜಗಳವಾದಾಗ ಒಬ್ಬ ಹುಡುಗ ಎಲ್ಲರೆದುರು, "ಇವ್ನ ತಾತ ಜೈಲಿಗೆ ಹೋಗಿದ್ನಂತೆ" ಎಂದುಬಿಟ್ಟ. ನಾನು ಮನೆಗೆ ಬಂದು ತಾತನ ಮೇಲೆ ಕೂಗಾಡಿದೆ. ತಾತ ಬೈಯಲಿಲ್ಲ. "ಕದ್ಬುಟ್ಟು ಒಳಕ್ಕೋಗ್ನಿಲ್ಲ ಕನ ಮಗ, ನ್ಯಾಯ ಕೇಳಕ್ಕ ಹೋಗಿದ್ದು" ಎಂದ. ನಾನು ಕೇಳಿಸಿಕೊಳ್ಳಲಿಲ್ಲ. ಶಾಲೆಯ ಕಡೆ ಬರಬೇಡ ಎಂದೆ. ಆಮೇಲೆ ಶಾಲಾ ದಿನಾಚರಣೆಗೂ ಅವನು ಬರಲಿಲ್ಲ. ನಾನು ಬಿ.ಇ. ಓದುವಾಗ ತೀರಿಕೊಂಡ.

ಕೈದಿಗಳನ್ನು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಹಳೆಯ ಜೈಲು ಖಾಲಿಯಾಯಿತು. 2008ರಲ್ಲಿ ಅದೇ ಜಾಗ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರವನ್ನೂ ಕೆಲವು ಬ್ಯಾರಕ್ಕುಗಳನ್ನೂ ಉಳಿಸಿಕೊಂಡಿದ್ದಾರೆ. ಕೆಲಸಕ್ಕೆ ಸೇರಿದ ಮೇಲೆ ಒಂದು ಭಾನುವಾರ ಅಲ್ಲಿಗೆ ಹೋದೆ. ತಾತ ಯಾವ ಬ್ಯಾರಕ್ಕಿನಲ್ಲಿದ್ದ, ಪಕ್ಕದಲ್ಲಿ ಯಾರು ಮಲಗಿದ್ದರು, ಊರಿನ ನೆನಪಾಗಿ ಅತ್ತನೋ, ಹಾಡು ಹೇಳಿದನೋ, ಒಂದೂ ನನಗೆ ತಿಳಿಯದು. ಕೇಳಬಹುದಾಗಿದ್ದ ಅಷ್ಟು ವರ್ಷ ನಾನು ನಾಚಿಕೊಂಡು ಕಳೆದಿದ್ದೆ. ಈಗ ಬೆಂಗಳೂರಿನಲ್ಲಿ ಪ್ರತಿಭಟನೆ ನಡೆಯುವ ಜಾಗವೂ ಅದೇ. ನ್ಯಾಯ ಕೇಳಲು ಬಂದವರನ್ನು ಕೂಡಿಹಾಕುತ್ತಿದ್ದ ಕಡೆಯಲ್ಲೇ ಇಂದು ಹಸಿರು ಟವೆಲಿನವರು ಮೈಕ್ ಹಿಡಿದು ಮಾತನಾಡುತ್ತಾರೆ. ತಾತ ಇದ್ದಿದ್ದರೆ ನಗುತ್ತಿದ್ದ.

ಜೈಲಿಗೆ ಹೋದವರೆಲ್ಲ ತಾವಾಗಿಯೇ ಹೋದವರಲ್ಲ. ನಮ್ಮ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀರಪ್ಪನ್ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಎಷ್ಟೋ ಬಡವರು ಟಾಡಾ ಕಾಯ್ದೆಯಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು. 2001ರಲ್ಲಿ ತೀರ್ಪು ಬಂದಾಗ ವಿಶೇಷ ನ್ಯಾಯಾಲಯ ಹೆಚ್ಚಿನವರನ್ನು ಬಿಡುಗಡೆ ಮಾಡಿತು. ಬಿಡುಗಡೆಯಾಗಿ ಊರಿಗೆ ಬಂದವರ ಬೆನ್ನಿಗೂ ನನ್ನ ತಾತನಿಗೆ ಅಂಟಿದ ಮಾತೇ ಅಂಟಿಕೊಂಡಿತು. ಅವರಲ್ಲಿ ದಿನಚರಿ ಬರೆದವರು ಎಷ್ಟು ಜನ ಇದ್ದಾರು?

ನನ್ನ ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ಜೈಲಿನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದೆ ಎಂದು ಅಜ್ಜಿಗೆ ಹೇಳಿದ್ದನಂತೆ. ನನ್ನನ್ನು ಈ ಶಾಲೆಗೆ ಸೇರಿಸಿದ ದಿನ ಅಪ್ಪ ಕೂಲಿಗೆ ಹೋಗಿದ್ದರು, ಕರೆತಂದವನು ತಾತ. ದಾಖಲಾತಿಯಲ್ಲೂ ಅವನದು ಹೆಬ್ಬೆಟ್ಟೇ. ಮೊನ್ನೆ ಮುಖ್ಯೋಪಾಧ್ಯಾಯರು ಆ ಹಳೆಯ ಪುಸ್ತಕ ತೆಗೆದು ತೋರಿಸಿದರು. ನೀಲಿ ಮಸಿ ಸ್ವಲ್ಪ ಹರಡಿದೆ, ಗೆರೆಗಳು ಇನ್ನೂ ಕಾಣುತ್ತವೆ. ಫ್ರೀಡಂ ಪಾರ್ಕಿನಲ್ಲಿ ಹುಡುಕಿದರೂ ಸಿಗದ ತಾತನ ಗುರುತು ನನಗೆ ಸಿಕ್ಕಿದ್ದು ಈ ಶಾಲೆಯಲ್ಲಿ.

ಮಕ್ಕಳೇ, ನಿಮ್ಮಲ್ಲಿ ಒಂದು ಕೇಳಿಕೆ. ಇಂದು ಮನೆಗೆ ಹೋಗಿ ನಿಮ್ಮ ತಾತನನ್ನೋ ಅಜ್ಜಿಯನ್ನೋ ಹತ್ತಿರ ಕೂರಿಸಿಕೊಳ್ಳಿ. ಅವರು ಹೋದ ಊರು, ಮಾಡಿದ ಕೂಲಿ, ಪಟ್ಟ ಕಷ್ಟ, ಆಡಿದ ಜಗಳ ಎಲ್ಲವನ್ನೂ ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಅವರ ಮಾತಿನಲ್ಲೇ ಬರೆಯಿರಿ. ನೋಟ್‌ಬುಕ್ಕುಗಳನ್ನು ಇಡಲು ಶಾಲೆಯ ಗ್ರಂಥಾಲಯಕ್ಕೆ ಒಂದು ಬೀರು ಕೊಡಿಸುವುದು ನಮ್ಮ ಬ್ಯಾಚಿನ ಹೊಣೆ. ಅಲ್ಲಿ ಮೊದಲು ಇಡುವ ನೋಟ್‌ಬುಕ್ ನನ್ನದು. ಅದರಲ್ಲಿ ನನಗೆ ಗೊತ್ತಿರುವುದು ಒಂದೂವರೆ ಪುಟವಷ್ಟೇ. ತಾತನ ಜೊತೆ ಜೈಲಿಗೆ ಹೋಗಿದ್ದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ, ಊಟವಾದ ಮೇಲೆ ದಯವಿಟ್ಟು ನನ್ನನ್ನು ಕರೆಯಿರಿ. ಪೆನ್ನು ತಂದಿದ್ದೇನೆ.